ಬೆಂಚು ಹೊತ್ತ ಅಪವಾದ

ಆ ನಾಯಿಗೆ ಬೆಂಚು ಎಂದು ಹೆಸರಿಟ್ಟವಳು ಮೊಮ್ಮಗಳು. ಆಗ ಅವಳಿಗೆ ಐದು ವರ್ಷ. ಉದ್ದ ಮೈ, ಮೊಟಕು ಕಾಲು, ಮಟ್ಟಸವಾದ ಬೆನ್ನು. ಇದು ನಮ್ಮ ಕ್ಲಾಸಿನ ಬೆಂಚಿನ ಹಾಗೇ ಇದೆ ಎಂದು ಅವಳು ಅಂದದ್ದೇ ಹೆಸರಾಗಿ ನಿಂತಿತು. ಹನ್ನೊಂದು ವರ್ಷ ಆ ಹೆಸರಿಗೆ ಓಗೊಟ್ಟ ನಾಯಿ ಒಂದು ಸೋಮವಾರ ಬೆಳಿಗ್ಗೆ ತಟ್ಟೆಯ ಸದ್ದು ಕೇಳಿ ಎದ್ದಿತು. ಹಿಂಗಾಲು ಎರಡೂ ಒಟ್ಟಿಗೆ ಜಾರಿ ಕುಕ್ಕರಿಸಿತು. ಮತ್ತೆ ಎದ್ದಿತು, ಮತ್ತೆ ಕುಕ್ಕರಿಸಿತು. ಮೂರನೆಯ ಸಲ ಏಳುವ ಗೋಜಿಗೆ ಹೋಗದೆ ಮುಂಗಾಲಿನಲ್ಲೇ ಮೈಯನ್ನು ಎಳೆದುಕೊಂಡು ಬಂದು, ಏನೂ ಆಗದ ಹಾಗೆ ತಟ್ಟೆಗೆ ಬಾಯಿ ಹಾಕಿತು. ಊಟ ಮುಗಿಯುವವರೆಗೂ ಬಾಲ ಮಾತ್ರ ಆಡಲಿಲ್ಲ.

ಮನೆಯಲ್ಲಿ ನಾಲ್ಕು ಜನ. ತಾತ ನಲವತ್ತೈದು ವರ್ಷ ಪ್ಯಾಂಟು ಕೋಟು ಹೊಲಿದ ದರ್ಜಿ. ಅಂಗಡಿ ಮುಚ್ಚಿ ಮೂರು ವರ್ಷವಾಗಿತ್ತು. ಮಿಷನ್ನು ಮಾತ್ರ ಮನೆಗೆ ಬಂದು ನಡುಮನೆಯ ಕಿಟಕಿಯ ಕೆಳಗೆ ಕೂತಿತ್ತು. ಹೆಂಡತಿ ತೀರಿಕೊಂಡ ವಾರವೂ ಅವನ ಪ್ಯಾಂಟಿನ ಗೆರೆ ಕೆಟ್ಟಿರಲಿಲ್ಲ. ಮಗ ಲಿಫ್ಟ್ ಮೆಕ್ಯಾನಿಕ್. ಊರಿನವರನ್ನೆಲ್ಲ ಹತ್ತಿಸಿ ಇಳಿಸುವ ಪೆಟ್ಟಿಗೆಗಳನ್ನು ರಿಪೇರಿ ಮಾಡುವವನಿಗೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೊದಲನೆ ಮಹಡಿ. ಸೊಸೆ ಆಸ್ಪತ್ರೆಯಲ್ಲಿ ಆಯಾ. ಹಾಸಿಗೆ ಹಿಡಿದ ಮುದುಕರ ವಾರ್ಡಿನಲ್ಲಿ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಚಾದರ ಬದಲಿಸುವುದು ಅವಳ ಕೆಲಸ. ಮೊಮ್ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು.

ನಾಯಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬೆನ್ನುಮೂಳೆಯ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತುತ್ತಿದೆ, ಇಷ್ಟುದ್ದದ ನಾಯಿಗಳಿಗೆ ವಯಸ್ಸಾದ ಮೇಲೆ ಹೀಗಾಗುವುದುಂಟು ಎಂದು ವಿವರಿಸಿದಳು. ಆರು ವಾರ ನಾಲ್ಕೂ ಕಡೆ ಸರಳಿರುವ ಕಟಕಟೆಯೊಳಗೆ ಇಡಬೇಕು, ಮೆಟ್ಟಿಲು ಹತ್ತಿಸಬಾರದು, ಹಾರಲು ಬಿಡಬಾರದು, ನಡೆಸುವಾಗ ಹೊಟ್ಟೆಯ ಕೆಳಗೆ ಬಟ್ಟೆ ಕೊಟ್ಟು ಹಿಂಭಾಗ ಎತ್ತಿ ಹಿಡಿಯಬೇಕು. ಮಾತ್ರೆ ಬರೆದುಕೊಟ್ಟು, ಕೊನೆಗೆ ಒಂದು ಮಾತು ಹೇಳಿದಳು.

“ಮುಖ್ಯವಾಗಿ ಒಂದು ಗಮನಿಸಿ. ಉಚ್ಚೆ ಹಿಡ್ಕೊಳ್ತಾನಾ, ಇಲ್ಲಾ ತಾನಾಗೇ ಹೋಗ್ಬಿಡುತ್ತಾ ಅಂತ. ಹಿಡ್ಕೊಳ್ತಾ ಇದ್ರೆ ನರದಲ್ಲಿ ಇನ್ನೂ ಜೀವ ಇದೆ ಅಂತ ಲೆಕ್ಕ. ಸೋರೋಕೆ ಶುರುವಾದ್ರೆ ನಂಗೆ ತಿಳಿಸಿ. ಆಗ ಬೇರೆ ಥರ ಯೋಚನೆ ಮಾಡಬೇಕಾಗುತ್ತೆ.”

ಬೇರೆ ಥರ ಎಂದರೆ ಸೂಜಿ ಚುಚ್ಚಿ ಶಾಶ್ವತವಾಗಿ ಮಲಗಿಸುವುದು. ಎಲ್ಲರಿಗೂ ಅರ್ಥವಾಗಿತ್ತು.

ಕೆಲಸ ಹಂಚಿಕೆಯಾಯಿತು. ಬೆಳಿಗ್ಗೆ ಸಂಜೆ ಮಗ ಅದನ್ನು ಎತ್ತಿಕೊಂಡು ಕೆಳಗಿಳಿಸಿ ತರುವುದು. ಸೊಸೆ ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗೆ ಹುದುಗಿಸಿ ತಿನ್ನಿಸುವುದು. ಮೊಮ್ಮಗಳು ಕಾಲೇಜಿನಿಂದ ಬಂದು ಹಿಂಗಾಲಿನ ಬೆರಳುಗಳನ್ನು ಒಂದೊಂದಾಗಿ ನೀವಿ, ಮಡಿಸಿ, ಬಿಡಿಸುವುದು. ನೆಲ ಜಾರದಿರಲೆಂದು ಮಗ ಯಾವುದೋ ಕಟ್ಟಡದಿಂದ ಕಿತ್ತು ತಂದ ಹಳೆಯ ರಬ್ಬರ್ ಚಾಪೆಗಳನ್ನು ಮನೆಯೊಳಗಿನ ಓಣಿಗೆ ಹಾಸಿದ. ಒಂದು ತುದಿಗೆ ತಾತನ ಕೋಣೆ, ಇನ್ನೊಂದು ತುದಿಗೆ ಬಚ್ಚಲು, ಮಧ್ಯೆ ಬೆಂಚುವಿನ ಕಟಕಟೆ.

ಹಗಲಿನಲ್ಲಿ ಮನೆಯಲ್ಲಿರುವವನು ತಾತ ಒಬ್ಬನೇ. ಅವನ ಪಾಲಿಗೆ ಮಧ್ಯಾಹ್ನದ ಪಾಳಿ ಬಂತು. ಟವೆಲಿನಲ್ಲಿ ಎತ್ತಿದರೆ ನಾಯಿ ಒಂದು ಕಡೆಗೆ ವಾಲುತ್ತದೆ ಎಂದು ಎರಡೇ ದಿನದಲ್ಲಿ ಕಂಡುಕೊಂಡು, ಮೂರು ವರ್ಷದ ಮೇಲೆ ಮೊದಲ ಬಾರಿಗೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡ. ಸೊಂಟ, ಹೊಟ್ಟೆ, ತೊಡೆಯ ಸುತ್ತು ಅಳೆದ. ಕೋಟಿನ ಒಳಗೆ ಹಾಕುವ ಕ್ಯಾನ್ವಾಸು, ಮೇಲೆ ಮೆತ್ತನೆಯ ಫ್ಲಾನೆಲ್ಲು, ಹಿಡಿಯಲು ಅಗಲವಾದ ಪಟ್ಟಿ ಇಟ್ಟು ಜೋಲಿ ಹೊಲಿದ. “ನಲವತ್ತೈದು ವರ್ಷದಲ್ಲಿ ಟ್ರಯಲ್‌ಗೆ ಬಂದು ಜಗಳ ಆಡದೆ ಇರೋ ಗಿರಾಕಿ ಇವನೊಬ್ಬನೇ” ಎಂದ. ಜೋಲಿ ಮೊದಲ ಸಲಕ್ಕೇ ಸರಿಯಾಗಿ ಕೂತಿತು. ದಿನಾ ಒಂದು ಗಂಟೆಗೆ ತಾತ ಅದರಲ್ಲಿ ನಾಯಿಯ ಹಿಂಭಾಗವನ್ನು ಎತ್ತಿ ಹಿಡಿದು, ಹಿಂದಿನ ಬಾಲ್ಕನಿಯಲ್ಲಿ ಮಣ್ಣು ತುಂಬಿಟ್ಟ ತಟ್ಟೆಯವರೆಗೆ ನಡೆಸುತ್ತಿದ್ದ. ಬೆಂಚು ಅಲ್ಲಿಯವರೆಗೂ ಕಾದು, ಅಲ್ಲೇ ಮುಗಿಸಿ, ಮುಖ ಮೇಲೆತ್ತಿ ನೋಡುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಇದನ್ನು ಕಣ್ಣಾರೆ ಕಂಡವನು ತಾತ.

ಎರಡನೆಯ ವಾರದ ಬುಧವಾರ ತಾತ ಊಟ ಮಾಡಿ, ಚಹಾ ಕುಡಿದು, ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ. ಎಚ್ಚರವಾದಾಗ ಅವಸರವಾಗಿತ್ತು. ಕೆಲವು ತಿಂಗಳಿಂದ ಹೀಗಾಗುತ್ತಿತ್ತು. ಹೇಗೋ ಓಡಿ ತಲುಪುತ್ತಿದ್ದ. ಅವತ್ತು ತಲುಪಲಿಲ್ಲ. ಬಚ್ಚಲಿಗೆ ಇನ್ನು ನಾಲ್ಕೇ ಹೆಜ್ಜೆ ಇರುವಾಗ, ಕಟಕಟೆಯ ಪಕ್ಕದಲ್ಲೇ, ಕಾಲಿನುದ್ದಕ್ಕೂ ಬೆಚ್ಚಗೆ ಇಳಿದುಹೋಯಿತು. ತಾತ ಗೋಡೆ ಹಿಡಿದು ಹಾಗೇ ನಿಂತ. ಬೆಂಚು ಕತ್ತೆತ್ತಿ ಅವನ ಪ್ಯಾಂಟನ್ನು ಮೂಸಿತು.

ಅವನು ಪ್ಯಾಂಟು ಬದಲಿಸಿ, ಒದ್ದೆಯದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ನೆಲ ಒರೆಸುವ ಬಟ್ಟೆ ಹಿಡಿದು ಓಣಿಗೆ ಬರುವುದಕ್ಕೂ ಸೊಸೆ ಬೀಗ ತೆಗೆದು ಒಳಗೆ ಬರುವುದಕ್ಕೂ ಸರಿಹೋಯಿತು. ಅವತ್ತು ಪಾಳಿ ಬೇಗ ಮುಗಿದಿತ್ತು. ಅವಳು ನೆಲ ನೋಡಿದಳು, ನಾಯಿಯನ್ನು ನೋಡಿದಳು.

“ಬೆಂಚು ಮಾಡಿಬಿಟ್ನಾ ಮಾವ?”

“ಹೂಂ. ಈಗ ತಾನೆ.”

ಬರೀ ಹೂಂ ಎಂದಿದ್ದರೆ ಬಾಯಿತಪ್ಪಿ ಬಂತು ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಈಗ ತಾನೆ ಎಂದು ಸೇರಿಸಿದ್ದಕ್ಕೆ ಯಾವ ಸಮಾಧಾನವೂ ಇರಲಿಲ್ಲ. ಸೊಸೆ ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ನೆಲ ಒರೆಸಿದಳು. ಏನೋ ಇದು, ಇಷ್ಟು ದೊಡ್ಡವನಾಗಿ, ಎಂದು ನಾಯಿಯನ್ನು ಗದರಿದಳು. ಬೆಂಚು ಕಿವಿ ಹಿಂದಕ್ಕೆ ಮಾಡಿ, ಬೈದದ್ದು ತನ್ನನ್ನೇ ಎಂದು ಒಪ್ಪಿಕೊಂಡು, ಅವಳ ಕೈ ನೆಕ್ಕಿತು.

ಸಂಜೆ ಮೊಮ್ಮಗಳು ಒಪ್ಪಲಿಲ್ಲ. ಬೆಂಚು ಅಂಥವನಲ್ಲ, ನೀರಿನ ಬಟ್ಟಲು ಮಗುಚಿರಬೇಕು ಎಂದಳು. ನೀರಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದೆ ಇರೋಕೆ ನಾನೇನು ನಿನ್ನೆ ಮೊನ್ನೆ ವಾರ್ಡಿಗೆ ಸೇರಿದವಳಾ ಎಂದು ಅವಳ ತಾಯಿ ರೇಗಿದಳು. ತಾತ ತಟ್ಟೆ ನೋಡಿಕೊಂಡು ಊಟ ಮಾಡಿದ.

ಆ ಮೇಲಿನ ಹತ್ತು ದಿನದಲ್ಲಿ ಇನ್ನೂ ನಾಲ್ಕು ಸಲ ಆಯಿತು. ಒಮ್ಮೆ ತಾತ ಯಾರಿಗೂ ಕಾಣದ ಹಾಗೆ ಒರೆಸಿ ಮುಗಿಸಿದ. ಆದರೆ ವಾಸನೆ ಮುಗಿಯಲಿಲ್ಲ. ಉಳಿದ ಮೂರು ಸಲ ಸೊಸೆಗೋ ಮಗನಿಗೋ ಕಂಡಿತು. ಈಗ ಯಾರೂ ಕೇಳುತ್ತಲೂ ಇರಲಿಲ್ಲ. ಓಣಿಯಲ್ಲಿ ಒದ್ದೆ ಕಂಡರೆ ಅದು ಬೆಂಚುವಿನದು ಎಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ತಾತ ಮಧ್ಯಾಹ್ನದ ಚಹಾ ಬಿಟ್ಟ. ಎದೆಯುರಿ ಎಂದು ನೆಪ ಹೇಳಿದ. ನೀರನ್ನು ಲೋಟದ ತಳ ತೋಯುವಷ್ಟೇ ಕುಡಿಯತೊಡಗಿದ. ಗಡಿಯಾರ ನೋಡಿಕೊಂಡು ಗಂಟೆಗೊಮ್ಮೆ ಬಚ್ಚಲಿಗೆ ಹೋದ. ಹೋದಾಗ ಬರುತ್ತಿರಲಿಲ್ಲ, ಬಂದಾಗ ಹೋಗಲು ಬಿಡುತ್ತಿರಲಿಲ್ಲ.

ಹೇಳಿಬಿಡಬೇಕೆಂದು ಅವನಿಗೆ ಅನ್ನಿಸದೆ ಇರಲಿಲ್ಲ. ಬೆಳಿಗ್ಗೆ ಬ್ರೆಡ್ಡು ಮುಂದಿಟ್ಟುಕೊಂಡು ಕೂತಾಗ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಅಷ್ಟರಲ್ಲಿ ಮಗ ಯಾವುದೋ ಲಿಫ್ಟಿನ ಬಾಗಿಲು ಸಿಕ್ಕಿಕೊಂಡ ಕತೆ ಶುರುಮಾಡುತ್ತಿದ್ದ, ಸೊಸೆ ಬಸ್ಸು ತಪ್ಪುತ್ತದೆಂದು ಎದ್ದುಬಿಡುತ್ತಿದ್ದಳು. ಸರಿ, ಸಂಜೆ ಹೇಳಿದರಾಯಿತು. ಸಂಜೆ ಮೊಮ್ಮಗಳು ಎದುರಿಗಿರುತ್ತಿದ್ದಳು. ಅವಳ ಮುಂದೆ ಹೇಗೆ?

ಕೆಳಗಿನ ಮನೆಯ ಕನ್ನಡಕದಂಗಡಿಯವರು ಒಂದು ದಿನ ಮೆಟ್ಟಿಲಲ್ಲಿ ಸೊಸೆಯನ್ನು ತಡೆದು, ಮೇಲಿನಿಂದ ಒಂಥರಾ ವಾಸನೆ ಬರುತ್ತಿದೆಯಲ್ಲ ಎಂದು ಕೇಳಿದರು. ಅವರ ಮದುವೆಯ ಕೋಟು ಹೊಲಿದದ್ದು ತಾತನೇ, ಆ ಸಲಿಗೆ. ಸೊಸೆ ನಾಯಿಗೆ ಕಾಯಿಲೆ ಎಂದು ಹೇಳಿ ಮೇಲೆ ಬಂದಳು. ಬಂದವಳೇ ಕಟಕಟೆಯನ್ನು ಎತ್ತಿ ಹಿಂದಿನ ಬಾಲ್ಕನಿಗೆ ಇಟ್ಟಳು. ಗಾಳಿ ಬೆಳಕು ಚೆನ್ನಾಗಿದೆ, ತೊಳೆಯುವುದಕ್ಕೂ ಸುಲಭ ಎಂದಳು. ಅವತ್ತಿನಿಂದ ತಾತ ಹಗಲೆಲ್ಲ ಬಚ್ಚಲ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೂತ; ಓಣಿ ಒದ್ದೆಯಾಗಲಿಲ್ಲ.

ಬೆಂಚು ಹುಟ್ಟಿದಾಗಿನಿಂದ ಮನೆಯ ಮಧ್ಯದಲ್ಲಿ ಬೆಳೆದ ಜೀವ. ಬಾಲ್ಕನಿಯ ಬಾಗಿಲು ಮುಚ್ಚಿದ ಕೂಡಲೇ ಸಣ್ಣ ದನಿಯಲ್ಲಿ ಕುಂಯ್‌ಗುಡತೊಡಗಿತು. ಮಾರನೆಯ ದಿನ ತಾತ ಮಧ್ಯಾಹ್ನ ಬಾಗಿಲು ತೆರೆದಿಟ್ಟು ನೀರು ತರಲು ಒಳಗೆ ಹೋದಾಗ ಅದು ಕಟಕಟೆಯ ಕೊಂಡಿಯನ್ನು ಮೂತಿಯಲ್ಲಿ ತಳ್ಳಿ ಹೊರಬಂದು, ಹೊಸಿಲ ಮೇಲೆ ಮೈ ಎಳೆದುಕೊಂಡು, ಓಣಿಯುದ್ದಕ್ಕೂ ತೆವಳಿ ತಾತನ ಕೋಣೆಯ ಬಾಗಿಲಲ್ಲಿ ಬಂದು ಬಿದ್ದಿತ್ತು. ಹಿಂಗಾಲಿನ ಬೆರಳುಗಳ ಚರ್ಮ ಸಿಮೆಂಟಿಗೆ ತರಚಿ ಚಾಪೆಯ ಮೇಲೆ ರಕ್ತದ ಗೆರೆ ಎಳೆದಿತ್ತು. ಆ ಕಾಲುಗಳಲ್ಲಿ ಸ್ಪರ್ಶವೇ ಸರಿಯಾಗಿ ಇಲ್ಲದ್ದರಿಂದ ಅದಕ್ಕೆ ನೋವು ತಿಳಿದಿರಲಿಲ್ಲ. ತಾತ ನೆಲದಲ್ಲಿ ಕೂತು ಗಾಯ ತೊಳೆದು ಬಟ್ಟೆ ಸುತ್ತಿದ. ಅದು ಅವನ ಮೊಣಕಾಲ ಮೇಲೆ ಗದ್ದವಿಟ್ಟು ನಿದ್ದೆಹೋಯಿತು. ಅವನು ಎಷ್ಟೋ ಹೊತ್ತು ಏಳಲಿಲ್ಲ.

ಆ ಭಾನುವಾರ ಊಟಕ್ಕೆ ನಾಲ್ಕು ಜನವೂ ಕೂತಿದ್ದರು. ಮಗ ಹಿಂದಿನ ದಿನ ಡಾಕ್ಟರಿಗೆ ಫೋನ್ ಮಾಡಿದ್ದ. ಸೋರುತ್ತಿದೆಯೇ ಎಂದು ಕೇಳಿದ್ದಕ್ಕೆ ಹೌದು ಎಂದಿದ್ದ, ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಎರಡು ವಾರ ಎಂದಿದ್ದ. ಡಾಕ್ಟರು, ಮುಂದಿನ ಶನಿವಾರ ಕರೆದುಕೊಂಡು ಬನ್ನಿ, ನೋಡುತ್ತೇನೆ, ಆದರೆ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ ಎಂದಿದ್ದಳು. ಇದನ್ನು ಮಗ ಅನ್ನ ಕಲಸುತ್ತಾ ಹೇಳಿದ.

ಮೊಮ್ಮಗಳು ತುತ್ತು ಕೆಳಗಿಟ್ಟಳು. ಕಳೆದ ರಜಾ ದಿನ ಬೆಳಗಿನಿಂದ ಸಂಜೆಯವರೆಗೆ ಬೆಂಚುವಿನ ಪಕ್ಕದಲ್ಲೇ ಕೂತಿದ್ದೆ, ಒಂದು ತೊಟ್ಟು ಸೋರಲಿಲ್ಲ, ನಾನಿದ್ದಾಗ ಯಾಕೆ ಮಾಡಲ್ಲ ಎಂದು ಕೇಳಿದಳು. ತಾತನ ಕಡೆ ತಿರುಗಿ, ನೀನೇ ಹೇಳು ತಾತ, ಮಧ್ಯಾಹ್ನ ಅವನು ಕಾಯ್ತಾನೆ ಅಂತ ನೀನೇ ಹೇಳ್ತಿದ್ದೆ ಅಲ್ವಾ ಎಂದಳು.

ತಾತ, “ಮೊದಲು ಕಾಯ್ತಿದ್ದ” ಎಂದ.

“ನೋಡು, ಅಷ್ಟೇ” ಎಂದ ಮಗ. “ಯಾರಿಗೂ ಇಷ್ಟ ಇಲ್ಲ ಪುಟ್ಟಿ. ಬಾಯಿಲ್ಲದ ಪ್ರಾಣಿ, ಎಷ್ಟು ನೋವಿದೆಯೋ.”

“ನೋವಿಗಲ್ಲ ಅಪ್ಪಾ ನೀವು ಕಳಿಸ್ತಿರೋದು. ಮನೆ ಗಲೀಜಾಗುತ್ತೆ ಅಂತ. ಅಮ್ಮಂಗೆ ಒರೆಸಿ ಒರೆಸಿ ಸಾಕಾಗಿದೆ ಅಂತ.” ಅವಳ ದನಿ ಏರಲಿಲ್ಲ, ತೆಳುವಾಯಿತು. “ನಾಳೆ ತಾತ ಹೀಗೆ ಮಾಡಿಕೊಂಡ್ರೆ ಏನ್ ಮಾಡ್ತೀಯಮ್ಮ? ಬಾಲ್ಕನಿಗೆ ಹಾಕ್ತೀಯಾ?”

ಮಗ ಕೈ ಎತ್ತಿದವನು ಹಾಗೇ ಇಳಿಸಿದ. ತಾತನ ಮುಂದೆ ಇಂಥ ಮಾತಾ, ಕ್ಷಮೆ ಕೇಳು ಎಂದ. ಸಾಮಾನ್ಯವಾಗಿ ಒಂದಕ್ಕೆ ಎರಡು ಮಾತು ಕೊಡುವ ಸೊಸೆ ಅವತ್ತು ಮುಖ ಬಿಳಿಚಿಕೊಂಡು, ಅರ್ಧ ಉಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ತಾತ ಮೊಮ್ಮಗಳಿಗೆ, ಪರವಾಗಿಲ್ಲ, ಊಟ ಮಾಡು ಎಂದ. ಅದನ್ನು ಹೇಳುವಾಗಲೂ ಅವಳ ಮುಖ ನೋಡಲಿಲ್ಲ.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೊಮ್ಮಗಳು ತನ್ನ ಹಾಸಿಗೆಯನ್ನು ಬಾಲ್ಕನಿಯ ಬಾಗಿಲ ಬಳಿಗೆ ತಂದುಕೊಂಡಳು. ಮಗ ಕೆಲಸದಿಂದ ಬರುವಾಗ ನಾಯಿಗೆಂದು ಬೇಯಿಸಿದ ಕೋಳಿಯ ಪೊಟ್ಟಣ ತರತೊಡಗಿದ. ಹೋಗುವ ಜೀವ, ಬಾಯಿರುಚಿಗಾದರೂ ತಿನ್ನಲಿ ಎಂದ. ತಾತನಿಗೆ ಆ ಪೊಟ್ಟಣ ಬಿಚ್ಚುವ ಸದ್ದು ಕೇಳಿದರೆ ಆಗುತ್ತಿರಲಿಲ್ಲ. ಇನ್ನೂ ನಾಲ್ಕು ದಿನ ಇದೆ ಎಂದುಕೊಂಡ. ಇನ್ನೂ ಎರಡು ದಿನ. ಡಾಕ್ಟರು ಕೈಯಿಟ್ಟು ನೋಡಿದರೆ ಅವಳಿಗೇ ತಿಳಿಯುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದೂ ಒಮ್ಮೆ ಅಂದುಕೊಂಡ. ಅಂದುಕೊಂಡ ಮೇಲೆ ಕನ್ನಡಿಯ ಮುಂದೆ ಹೋಗದೆ ಕೈಯಂದಾಜಿನಲ್ಲೇ ತಲೆ ಬಾಚಿಕೊಂಡ.

ಶನಿವಾರ ಬೆಳಿಗ್ಗೆ ತಾನೂ ಬರುತ್ತೇನೆ ಎಂದ. ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಬಿಳಿ ಅಂಗಿ ಹಾಕಿದ. ಎಲ್ಲಿಗೋ ಮದುವೆಗೆ ಹೊರಟ ಹಾಗೆ ಇದೀಯಲ್ಲಪ್ಪ ಎಂದು ಮಗ ನಗಲು ನೋಡಿದ. ಸೊಸೆ ಪಾಳಿ ಬದಲಿಸಿಕೊಂಡಿದ್ದಳು. ಟ್ಯಾಕ್ಸಿಯಲ್ಲಿ ಬೆಂಚು ಮೊಮ್ಮಗಳ ತೊಡೆಯ ಮೇಲೆ ಮಲಗಿ, ಕಿಟಕಿಯಿಂದ ಬರುವ ಗಾಳಿಗೆ ಮೂಗು ಒಡ್ಡಿತ್ತು.

ಡಾಕ್ಟರು ನಾಯಿಯನ್ನು ಮೇಜಿನ ಮೇಲೆ ಮಲಗಿಸಿ ಬೆನ್ನು ಒತ್ತಿದಳು, ಬೆರಳುಗಳನ್ನು ಚಿವುಟಿದಳು. ತರಚಿದ ಗಾಯ ನೋಡಿ, ಅದು ಬಾಲ್ಕನಿಯಿಂದ ತೆವಳಿಬಂದು ಆದದ್ದು ಎಂದು ಮೊಮ್ಮಗಳು ಹೇಳಿದಾಗ ಮುಖ ಸಣ್ಣದು ಮಾಡಿದಳು. ಆಮೇಲೆ ಕಾಗದ ತೆಗೆದು, ದಿನಕ್ಕೆ ಎಷ್ಟು ಸಲ ಸೋರುತ್ತೆ, ಮಲಗಿದ್ದಾಗಲೋ ಎದ್ದಾಗಲೋ ಎಂದು ಕೇಳಿದಳು. ಮಗ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು.

ತಾತ ಹೇಳಿದ, “ಅದು ಅವನದಲ್ಲ. ನಂದು.”

ದನಿ ಸಣ್ಣದಾಗಿತ್ತು. ಮಗನಿಗೆ ಅರ್ಥವಾಗಲಿಲ್ಲ. “ಏನಪ್ಪ ನಿಂದು?”

ಒಮ್ಮೆ ಹೇಳಲು ಮೂರು ವಾರ ಬೇಕಾಗಿತ್ತು. ಎರಡನೆಯ ಸಲ ತಕ್ಷಣ ಹೇಳಬೇಕಾಯಿತು. “ಓಣೀಲಿ ಆಗ್ತಿದ್ದದ್ದು. ಉಚ್ಚೆ. ಬೆಂಚು ಒಂದು ದಿನಾನೂ ಮಾಡಿಲ್ಲ. ನಂಗೇ ತಡೆಯೋಕಾಗ್ತಿರಲಿಲ್ಲ. ಅವನದು ಅಂತ ಹೇಳಿಬಿಟ್ಟೆ.”

ಬಾಗಿಲಾಚೆ ಯಾರದೋ ನಾಯಿಮರಿ ಬೊಗಳುತ್ತಿತ್ತು. ತಾತ ತನ್ನ ಬೂಟುಗಳನ್ನು ನೋಡುತ್ತಿದ್ದ. ಡಾಕ್ಟರು ಬೇರೆಯವರ ಮನೆಯ ಮಾತಿಗೆ ಕಿವಿ ಕೊಡದ ಹಾಗೆ, ನಾಯಿಯ ಕಿಬ್ಬೊಟ್ಟೆಗೆ ಕೈಯಿಟ್ಟು ನಿಧಾನವಾಗಿ ಒತ್ತಿ ನೋಡಿದಳು. ಉಚ್ಚೆಯ ಚೀಲ ತುಂಬಿದೆ, ಬಿಗಿಯಾಗಿ ಹಿಡ್ಕೊಂಡಿದ್ದಾನೆ, ಇದು ಒಳ್ಳೇ ಸುದ್ದಿ ಎಂದಳು. ಬಾಲ್ಕನಿಯಿಂದ ತೆವಳಿದ್ದರಿಂದ ಒಂದಿಷ್ಟು ಹಿಂದೆ ಬಿದ್ದಿದ್ದಾನೆ. ಮತ್ತೆ ನಾಲ್ಕು ವಾರ ಕದಲದ ಹಾಗೆ ನೋಡಿಕೊಳ್ಳಿ, ನಿಲ್ಲುವ ಆಸೆ ಇದೆ ಎಂದಳು. ಮೊಮ್ಮಗಳು ನಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಳು. ಅವಳು ತಾತನ ಕಡೆ ನೋಡಲಿಲ್ಲ. ತಾತನೂ ಅವಳು ನೋಡಲಿ ಎಂದು ಬಯಸಲಿಲ್ಲ.

ಮನೆಗೆ ಬಂದ ಮೇಲೆ ಮಗ ಕಟಕಟೆಯನ್ನು ಬಾಲ್ಕನಿಯಿಂದ ಎತ್ತಿ ತಂದು ಓಣಿಯಲ್ಲಿ ಇಟ್ಟ. ಕೊಂಚ ಜೋರಾಗಿಯೇ ಇಟ್ಟ.

“ಮೈ ಕೈ ಕೇಳದೆ ಇರೋದಕ್ಕೆ ನಾನೇನೂ ಅನ್ನಲ್ಲ ಅಪ್ಪ. ಎಲ್ಲರಿಗೂ ಬರೋದೇ. ಆದ್ರೆ ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕತೆ ನಂಗೆ ಹೇಳಿಕೊಟ್ಟವನೇ ನೀನು. ಇವತ್ತು ಡಾಕ್ಟರು ಸೂಜಿ ತಗೊಂಡಿದ್ರೆ? ನನ್ನ ಕೈಯಿಂದಾನೇ ಸಹಿ ಹಾಕಿಸ್ತಿದ್ದೆಯಲ್ಲ.”

ತಾತ ಕುರ್ಚಿಯ ಹಿಡಿಯ ಮೇಲೆ ಕೈ ಆಡಿಸುತ್ತಾ ಕೂತ. ಹೌದು ಎಂದಷ್ಟೇ ಹೇಳಿದ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ, “ಅವರೊಬ್ಬರನ್ನೇ ಅನ್ನಬೇಡಿ. ನಂಗೆ ಗೊತ್ತಿತ್ತು” ಎಂದಳು.

ಮೂವರೂ ಅವಳತ್ತ ತಿರುಗಿದರು.

ಎರಡನೆಯ ಸಲವೇ ತಿಳಿಯಿತು ಎಂದು ಅವಳು ಹೇಳಿದಳು. ದಿನಾ ಅದೇ ವಾಸನೆಯ ನಡುವೆ ದುಡಿಯುವವಳಿಗೆ ಮನುಷ್ಯರದ್ದು ಯಾವುದು, ನಾಯಿಯದ್ದು ಯಾವುದು ಎಂದು ಮೂಗೇ ಹೇಳುತ್ತದೆ. ಸಾಲದ್ದಕ್ಕೆ ಮಧ್ಯಾಹ್ನ ಮೂರು ಗಂಟೆಗೆ ಹಗ್ಗದ ಮೇಲೆ ತೊಳೆದ ಪ್ಯಾಂಟು ಒಣಗುತ್ತಿರುತ್ತಿತ್ತು; ಭಾನುವಾರ ಬಿಟ್ಟು ಬೇರೆ ದಿನ ಬಟ್ಟೆ ಒಗೆಯದ ಮಾವ ಯಾಕೆ ಒಗೆದರು ಎಂದು ಕೇಳಿಕೊಳ್ಳಲು ದೊಡ್ಡ ಬುದ್ಧಿ ಬೇಕಿರಲಿಲ್ಲ.

“ಮತ್ತೆ ಯಾಕಮ್ಮ ಹೇಳಲಿಲ್ಲ?” ಮೊಮ್ಮಗಳು ಕೇಳಿದಳು.

“ಮಾವನಿಗೆ ನಾಚಿಕೆ ಆಗುತ್ತೆ ಅಂತ ಸುಮ್ಮನಿದ್ದೆ ಅಂತ ಹೇಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ.” ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಕೈ ಒದ್ದೆಯಾಗಿರಲಿಲ್ಲ. “ಅದಲ್ಲ. ವಾರ್ಡಲ್ಲಿ ದಿನಕ್ಕೆ ಇಪ್ಪತ್ತು ಜನರನ್ನ ಕೇಳ್ತೀನಿ, ಆಯ್ತಾ, ಒದ್ದೆಯಾಯ್ತಾ ಅಂತ. ಇಲ್ಲಿ ಒಂದ್ಸಲ ಕೇಳಿದ್ರೆ ಇಲ್ಲೂ ಅದು ನನ್ನ ಕೆಲಸ ಆಗ್ಬಿಡುತ್ತೆ ಅನ್ನಿಸ್ತು. ನಾಯಿ ಅಂತ ಇರೋವರೆಗೂ ಬರೀ ನೆಲ ಒರೆಸಿದ್ರೆ ಸಾಕಿತ್ತು.”

“ಇವತ್ತು ತಾತ ಹೇಳದೆ ಇದ್ದಿದ್ರೆ?”

ಸೊಸೆ ಸೆರಗನ್ನು ಕೆಳಗೆ ಬಿಟ್ಟಳು. “ಹೇಳಬೇಕು ಅಂತಲೇ ರಜಾ ಹಾಕಿ ಬಂದೆ. ಮೇಜಿನ ಹತ್ರ ನಿಂತಾಗ ಬಾಯಿ ಬರಲಿಲ್ಲ. ಹೇಳ್ತಿದ್ದೆನೋ ಇಲ್ವೋ, ನಂಗೇ ಗೊತ್ತಿಲ್ಲ ಕಣೇ.”

ಮಗ ಗೋಡೆಗೆ ಒರಗಿ ಕೂತುಬಿಟ್ಟ. ಇಷ್ಟು ದಿನ ಬೆಳಿಗ್ಗೆ ಸಂಜೆ ನಾಯಿಯನ್ನು ಎತ್ತಿ ಇಳಿಸಿದವನು, ಅಪ್ಪ ಚಹಾ ಬಿಟ್ಟದ್ದನ್ನೂ ಲೋಟದಲ್ಲಿ ನೀರು ಹಾಗೇ ಉಳಿಯುತ್ತಿದ್ದದ್ದನ್ನೂ ನೋಡಿಯೂ ನೋಡಿರಲಿಲ್ಲ. ಅಪ್ಪಾ, ಸೋಮವಾರ ರಜಾ ಹಾಕ್ತೀನಿ, ನಿನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ ಎಂದ. ಮೊಮ್ಮಗಳು ಭಾನುವಾರ ತಾನಾಡಿದ ಮಾತು ನೆನೆದು, ತಾತ, ನಾನು ನಿಂಗೆ ಅಂತ ಹೇಳಿದ್ದಲ್ಲ ಎಂದು ಶುರುಮಾಡಿದವಳು ಮುಂದೆ ಸಾಗಲಾರದೆ ನಿಲ್ಲಿಸಿದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ತೊಂದರೆಯಾಗಿತ್ತು.

ಅವತ್ತು ಊಟಕ್ಕೆ ಸೊಸೆ ಮೊಟ್ಟೆ ಹುರಿದಳು. ತಾತನ ತಟ್ಟೆಯ ಪಕ್ಕದಲ್ಲಿ ತುಂಬಿದ ಲೋಟ ನೀರಿಟ್ಟಳು.

“ಕುಡೀರಿ ಮಾವ. ನೀರು ಬಿಟ್ರೆ ಉರಿ ಜಾಸ್ತಿಯಾಗುತ್ತೆ. ಇವತ್ತು ಎಷ್ಟು ಸಲ ಆಯ್ತು?”

ತಾತ ಕೆಂಪಾದ. ಮಗನೂ ಮೊಮ್ಮಗಳೂ ತಟ್ಟೆ ನೋಡಿದರು.

“ಆರು” ಎಂದ ತಾತ. ನೀರು ಕುಡಿದ.

ಸೋಮವಾರದ ಡಾಕ್ಟರು, ಪ್ರಾಸ್ಟೇಟ್ ಗ್ರಂಥಿ ಊದಿದೆ, ಈ ವಯಸ್ಸಿನ ಗಂಡಸರಲ್ಲಿ ಅರ್ಧ ಜನಕ್ಕೆ ಇದ್ದದ್ದೇ, ಮಾತ್ರೆ ಇದೆ, ಇಷ್ಟು ದಿನ ಯಾಕೆ ಕಾದಿರಿ ಎಂದು ಕೇಳಿದರು. ದಿನಕ್ಕೊಂದು ಚಿಕ್ಕ ಮಾತ್ರೆ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಾಗ ತಾತನಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟು ಚಿಕ್ಕದಕ್ಕೆ. ಎರಡು ವಾರದಲ್ಲಿ ಅವಸರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಒಮ್ಮೆ ಮತ್ತೆ ಓಣಿಯಲ್ಲಿ ಆದಾಗ ಅವನೇ ಸೊಸೆಯನ್ನು ಕರೆದು ಹೇಳಿದ. ಅವಳು ಬಕೆಟ್ಟು ತಂದಳು, ಬಟ್ಟೆಯನ್ನು ಅವನೇ ಹಿಡಿದ. ಅವಳ ಮುಖದಲ್ಲಿ ಸಿಡುಕು ಇರಲಿಲ್ಲ ಎಂದಲ್ಲ. ದಣಿದು ಬಂದವಳ ಸಿಡುಕು ಇತ್ತು. ಆದರೆ ಅದು ನಾಯಿಯ ಕಡೆಗೆ ತಿರುಗಲಿಲ್ಲ.

ಬೆಂಚು ಓಣಿಗೆ ಮರಳಿದ ಐದನೆಯ ವಾರ ತಟ್ಟೆಯ ಮುಂದೆ ಎರಡು ಕ್ಷಣ ನಿಂತಿತು. ಏಳನೆಯ ವಾರ ಜೋಲಿಯ ಆಸರೆಯಲ್ಲಿ ನಾಲ್ಕು ಕಾಲನ್ನೂ ಊರಿತು. ಹಿಂದಿನ ಎಡಗಾಲು ಎಳೆದೇ ನಡೆಯಿತು. ಅದು ಇನ್ನು ಹಾಗೇ ಎಂದು ಡಾಕ್ಟರು ಹೇಳಿದಳು. ತಾತ ಆ ಕಾಲಿಗೆ ಮೆತ್ತನೆಯ ಚರ್ಮದ ಗವಸು ಹೊಲಿದ. ಬೆಂಚುವಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಬಾಲ್ಕನಿಗೆ ಹಾಕಿದವಳ ಕೈ ನೆಕ್ಕುತ್ತಿತ್ತು, ಹಾಕುವಂತೆ ಮಾಡಿದವನ ಮೊಣಕಾಲ ಮೇಲೆ ಗದ್ದವಿಡುತ್ತಿತ್ತು. ಮಗ ಬೈದದ್ದನ್ನು ತಾತ ತಡೆದುಕೊಂಡಿದ್ದ; ಇದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ತಪ್ಪಾಯಿತು ಎಂದು ಒಮ್ಮೆ ಯಾರೂ ಇಲ್ಲದಾಗ ಅದಕ್ಕೆ ಹೇಳಿಯೂ ನೋಡಿದ. ಅದು ಊಟದ ಮಾತಿರಬೇಕೆಂದು ಕಿವಿ ನೆಟ್ಟಗೆ ಮಾಡಿತು.

ಒಂದು ಬೆಳಿಗ್ಗೆ ಮೊಮ್ಮಗಳು ಕಾಲೇಜಿಗೆ ಹೋಗುವಾಗ ಬೆಂಚುವನ್ನು ಎತ್ತಿಕೊಂಡು ಹೋಗಿ ಕೆಳಗೆ ಬಿಟ್ಟಳು. ತಾತ ಜೋಲಿ ಹಿಡಿದು ರಸ್ತೆಯ ಅಂಚಿನಲ್ಲಿ ನಡೆಸುತ್ತಿದ್ದ. ಕನ್ನಡಕದಂಗಡಿಯವರು ಪೇಪರು ಹಿಡಿದು ಗೇಟಿನಲ್ಲಿ ನಿಂತಿದ್ದರು.

“ಓ, ಇನ್ನೂ ಇದಾನಾ ಇವನು” ಎಂದರು. “ಮನೆಯೆಲ್ಲಾ ಗಲೀಜು ಮಾಡ್ತಾನೆ ಅಂತ ಕೇಳಿದ್ದೆ. ಹೋಗೋ ವಯಸ್ಸಲ್ವಾ. ನಿಮ್ಮ ಸೊಸೆಗೂ ಎಷ್ಟು ಅಂತ ಆಗುತ್ತೆ.”

ತಾತ ನಿಂತ. ಹೌದು ಎಂದು ತಲೆಯಾಡಿಸಿ ಮುಂದೆ ಹೋಗಬಹುದಿತ್ತು. ಎದುರಿಗಿದ್ದವರು ಮೂವತ್ತು ವರ್ಷ ಅಂಗಡಿಗೆ ಬಂದ ಗಿರಾಕಿ; ತಾನು ಮೊಣಕಾಲೂರಿ ಅವರ ಪ್ಯಾಂಟಿನ ಉದ್ದ ಅಳೆದಿದ್ದ.

“ಅವನು ಮಾಡ್ತಿರಲಿಲ್ಲ” ಎಂದ. “ನಾನು ಮಾಡಿ ಅವನ ಮೇಲೆ ಹಾಕಿದೆ. ಅವನಿಗೆ ಹೋಗಿರೋದು ಬೆನ್ನು ಮಾತ್ರ. ಹಿಡಿತ ತಪ್ಪಿರೋದು ನಂಗೆ.”

ಕನ್ನಡಕದಂಗಡಿಯವರು ಎಲ್ಲಿ ನೋಡಬೇಕೆಂದು ತಿಳಿಯದೆ ಪೇಪರನ್ನು ಮಡಿಸಿದರು, ಬಿಡಿಸಿದರು. ಬಿಸಿಲು ಏರುತ್ತಿದೆ ಎಂದರು. ಒಳಗೆ ಹೋಗಿ ಗೇಟು ಹಾಕಿಕೊಂಡರು.

ತಾತನ ಕಿವಿ ಉರಿಯುತ್ತಿತ್ತು. ಹೇಳಿ ಹೇಳಿ ಸಲೀಸಾಗಬಹುದು ಎಂದುಕೊಂಡಿದ್ದ, ಆಗಿರಲಿಲ್ಲ. ಬೆಂಚು ಮೊದಲನೆಯ ಕಂಬವನ್ನು ಸುತ್ತಲೂ ಮೂಸಿ, ಇದು ಬೇಡವೆಂದು ಬಿಟ್ಟು, ಎಡಗಾಲು ಎಳೆಯುತ್ತಾ ಮುಂದಿನ ಕಂಬದ ಕಡೆಗೆ ಹೊರಟಿತು. ತಾತ ಪಟ್ಟಿಯನ್ನು ಒಂದು ಬೆರಳಷ್ಟು ಮೇಲೆತ್ತಿ ಹಿಡಿದು, ಅದು ಹೋದ ಕಡೆ ಹೋದ.